ಜೆಪ್ಪುವಿನ ಸೆಮಿನರಿಯಲ್ಲೊಂದು ದಿನ

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ರೈಲುದಾರಿ ನಮ್ಮವರಾರಿಗೂ ಹೊಸದಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲಗಳನ್ನು ಹಿಂದಿಕ್ಕಿದ ಬಂಡಿ ನೇತ್ರಾವತಿಯ ಸೇತುವೆಯನ್ನು ದಾಟಿತೆಂದರೆ ಜೆಪ್ಪು ಸಮೀಪಿಸಿತೆಂದು ತಿಳಿಯಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು ಇಲ್ಲಿಯೇ. ಇದೇ ಜೆಪ್ಪುವಿನಲ್ಲಿ ಕೆಥೋಲಿಕ ಗುರುಗಳನ್ನು ಸಿದ್ಧಗೊಳಿಸುವ ಸಂತ ಜೋಸೆಫರ ಸೆಮಿನರಿಯಿದೆ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳು ಮರುವರ್ಷವೇ ಆರಂಭಿಸಿದ ವಿದ್ಯಾಸಂಸ್ಥೆಯಿದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಬೇಳದಂತಹ ನಮ್ಮ ಕಡೆಯ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯದಲ್ಲಿಯೇ ಉಳಿದುಕೊಂಡವು. ರಾಜ್ಯದ ಗಡಿ ಒಂದೆಡೆ, ಧರ್ಮಪ್ರಾಂತ್ಯದ ಎಲ್ಲೆ ಇನ್ನೊಂದೆಡೆ.

ನಮ್ಮ ಶಾಲೆಯಲ್ಲಿ ಕನ್ನಡದ ಓಂಕಾರ ಕಲಿತ ಹುಡುಗನೊಬ್ಬ ಈಗ ಅಲ್ಲಿ ಡೀಕನ್ ದೀಕ್ಷೆ ಪಡೆದಿದ್ದಾನೆ. ಅವನನ್ನು ಕಾಣಲೆಂದೇ ನಾನು ಹೋದದ್ದು. ನಾನು ಆ ಮತದವನಲ್ಲವಾದ್ದರಿಂದ ಕೇಳಿ ತಿಳಿಯಬೇಕಾದದ್ದು ಬಹಳವಿತ್ತು.

ಡೀಕನ್ ಎಂಬುದು ಗ್ರೀಕ್ ಮೂಲದ ಶಬ್ದ, ಸೇವಕನೆಂದು ಅರ್ಥ. ಇದರ ಮೂಲವನ್ನು ಪರಂಪರೆಯು ಬೈಬಲಿನ ಪ್ರೇಷಿತರ ಕಾರ್ಯಗಳ ಆರನೆಯ ಅಧ್ಯಾಯದಲ್ಲಿ ಗುರುತಿಸುತ್ತದೆ. ಜೆರುಸಲೇಮಿನ ಆದಿಸಭೆಯಲ್ಲಿ ಗ್ರೀಕ್ ಮಾತನಾಡುವವರು ಒಂದು ದೂರು ತಂದರು: ನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು. ಆ ಕೊರತೆಯನ್ನು ನೀಗಿಸಲು ಸ್ತೆಫಾನನೇ ಮೊದಲಾದ ಏಳು ಮಂದಿಯನ್ನು ಆರಿಸಲಾಯಿತು. ಭಾಷೆ ಬೇರೆಯಾದ ಕಾರಣಕ್ಕೆ ಪಂಕ್ತಿಯ ತುದಿಯಲ್ಲಿ ಉಳಿದವರ ದೂರಿನಿಂದ ಹುಟ್ಟಿದ ಪದವಿಯಿದು ಎಂಬುದು ಗಡಿನಾಡಿನ ನಮಗೆ ಬೇಗನೆ ಅರ್ಥವಾಗುವ ಸಂಗತಿ.

ಗುರುದೀಕ್ಷೆಗೆ ಮುನ್ನ ಪ್ರತಿಯೊಬ್ಬನೂ ಈ ಮೆಟ್ಟಿಲನ್ನು ಏರಲೇಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳಿಗೆ ಒಟ್ಟು ಕನಿಷ್ಠ ಆರು ವರ್ಷಗಳ ಅಧ್ಯಯನವುಂಟು. ಡೀಕನ್ ಆಗಲು 23 ವರ್ಷ ತುಂಬಿರಬೇಕು. ಅಲ್ಲಿಂದ ಗುರುದೀಕ್ಷೆಗೆ ಕಡಿಮೆಯೆಂದರೆ ಆರು ತಿಂಗಳ ಅಂತರವಿರಬೇಕು. ದೀಕ್ಷೆಯ ದಿನ ಅವನು ನೆಲದ ಮೇಲೆ ಬೋರಲು ಮಲಗುತ್ತಾನೆ. ಧರ್ಮಾಧ್ಯಕ್ಷರು ತಲೆಯ ಮೇಲೆ ಹಸ್ತವಿರಿಸಿ ಪ್ರಾರ್ಥಿಸುತ್ತಾರೆ, ಶುಭಸಂದೇಶದ ಗ್ರಂಥವನ್ನು ಕೈಗೆ ಕೊಡುತ್ತಾರೆ. ಉದ್ದನೆಯ ಪಟ್ಟಿಯೊಂದನ್ನು ಎಡ ಹೆಗಲಿನಿಂದ ಬಲ ಸೊಂಟದತ್ತ ತೊಡಿಸಲಾಗುತ್ತದೆ. ನೋಡಿದರೆ ನಮ್ಮಲ್ಲಿಯ ಯಜ್ಞೋಪವೀತದ ನೆನಪಾದೀತು. ಆಜೀವ ಬ್ರಹ್ಮಚರ್ಯದ ವಚನವನ್ನೂ ದಿನದ ಯಾಮಗಳ ಪ್ರಾರ್ಥನೆಯ ಹೊಣೆಯನ್ನೂ ಅವನು ಅಂದೇ ಹೊರುತ್ತಾನೆ.

ಆದರೆ ಮರುದಿನ ಬೆಳಿಗ್ಗೆ ಅದೇ ಗಂಟೆ, ಅದೇ ಬೆಂಚು, ಅದೇ ಪಾಠ! ಪರೀಕ್ಷೆಗಳು ಮುಗಿದಿರುವುದಿಲ್ಲ. "ಮಾಷ್ಟ್ರೇ, ಭಾನುವಾರ ಇಗರ್ಜಿಯಲ್ಲಿ ಪ್ರವಚನ ಕೊಡುತ್ತೇನೆ, ಸೋಮವಾರ ಇಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಹೊಂದಿಕೊಳ್ಳಲು ಇನ್ನೂ ಕಲಿಯುತ್ತಿದ್ದೇನೆ" ಎಂದು ಅವನು ನಕ್ಕನು. ಶಿಕ್ಷಕರ ತರಬೇತಿಯಲ್ಲಿ ನಾವೆಲ್ಲ ಪಾಠಾಭ್ಯಾಸಕ್ಕೆ ಹೋದವರೇ. ತರಗತಿಯಲ್ಲಿ ಗುರು, ಹಾಸ್ಟೆಲಿನಲ್ಲಿ ಶಿಷ್ಯ. ಆದರೆ ನಮಗೆ ಹಿಂದಿರುಗುವ ದಾರಿ ತೆರೆದಿತ್ತು. ಇವನು ಬಾಳನ್ನೇ ಒಪ್ಪಿಸಿ ಬಂದವನು.

ಅವನಿಗೆ ಹೆಚ್ಚು ಕಷ್ಟವಾದದ್ದು ಮನೆಯಲ್ಲಿಯಂತೆ. ದೀಕ್ಷೆಯ ತರುವಾಯ ಊರಿಗೆ ಹೋದಾಗ, ಅದುವರೆಗೆ ಕೊಂಕಣಿಯಲ್ಲಿ 'ತುಂ' ಎನ್ನುತ್ತಿದ್ದ ತಾಯಿ 'ತುಮಿ' ಎಂದು ಬಹುವಚನ ಹಚ್ಚಿದರು. ಅಜ್ಜ ಕುರ್ಚಿಯಿಂದೇಳಲು ಹವಣಿಸಿದರು. "ಸೇವಕನೆಂಬ ಹೆಸರು ಪಡೆದ ದಿನದಿಂದಲೇ ಎಲ್ಲರೂ ನನ್ನ ಸೇವೆಗೆ ನಿಂತರೆ ಹೇಗೆ?" ಎಂದು ಅವನು ಕೇಳಿದನು. ನನ್ನೊಡನೆ ಉಂಡ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದನು, ನನ್ನದನ್ನೂ ಬಿಡಲಿಲ್ಲ. 'ತಾವು' ಎನ್ನಲು ಹೊರಟ ನನ್ನನ್ನು ತಡೆದು, 'ನೀನು' ಎಂಬುದೇ ಇರಲಿ ಎಂದು ಹಟ ಹಿಡಿದನು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಡೀಕನ್ನನ ಕರ್ತವ್ಯಗಳನ್ನು ವಿವರಿಸಿತು. ಅವನು ಸ್ನಾನದೀಕ್ಷೆ ಕೊಡಬಹುದು, ವಿವಾಹಕ್ಕೆ ಧರ್ಮಸಭೆಯ ಪರವಾಗಿ ಸಾಕ್ಷಿಯಾಗಬಹುದು, ಪರಮಪ್ರಸಾದ ಹಂಚಬಹುದು, ಶವಸಂಸ್ಕಾರ ನಡೆಸಬಹುದು. ಆದರೆ ಬಲಿಪೂಜೆ ಅರ್ಪಿಸುವ, ಪಾಪನಿವೇದನೆ ಕೇಳಿ ಕ್ಷಮೆ ನೀಡುವ ಅಧಿಕಾರ ಅವನಿಗಿಲ್ಲ.

ಈ ಮಿತಿ ಅವನಿಗೆ ಒಂದು ರಾತ್ರಿ ಕಠಿನವಾಗಿ ತಿಳಿಯಿತು. ಆಸ್ಪತ್ರೆಯಲ್ಲಿ ಕೊನೆಯುಸಿರಿನ ಮುದುಕರೊಬ್ಬರು ಅವನ ಬಿಳಿಯ ನಿಲುವಂಗಿಯನ್ನು ಕಂಡು, ಪಾಪನಿವೇದನೆ ಮಾಡಬೇಕೆಂದು ಕೈ ಹಿಡಿದುಕೊಂಡರು. ತನಗೆ ಆ ಅಧಿಕಾರವಿಲ್ಲವೆಂದು ಸಾಯುವವನಿಗೆ ಹೇಳುವುದು ಹೇಗೆ? ಗುರುಗಳಿಗೆ ಕೂಡಲೇ ಫೋನು ಮಾಡಿಸಿ, ಅವರು ಬರುವವರೆಗೆ ಹಿಡಿದ ಕೈಯನ್ನು ಬಿಡದೆ, ಮುದುಕರ ಭಾಷೆಯಾದ ಕನ್ನಡದಲ್ಲಿ ಪ್ರಾರ್ಥನೆ ಹೇಳುತ್ತ ಕುಳಿತನು. ಗುರುಗಳು ಸಕಾಲಕ್ಕೆ ಬಂದರು. "ಅಧಿಕಾರವಿದ್ದಿದ್ದರೆ ವಿಧಿ ಮುಗಿಸಿ ಎದ್ದುಬಿಡುತ್ತಿದ್ದೆನೋ ಏನೋ. ಇಲ್ಲದ್ದರಿಂದ ಕುಳಿತುಕೊಳ್ಳುವುದನ್ನು ಕಲಿತೆ" ಎಂದನು. ಅವನ ಆರು ವರ್ಷಗಳ ಓದಿಗೆ ಇದು ಒಳ್ಳೆಯ ಪೂರಕಪಾಠವೆಂದು ನನಗೆ ತೋರಿತು.

ಕ್ರಿಸ್ತನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದ ಗೋವಿಂದ ಪೈಗಳು ಇದೇ ದಾರಿಯ ಮಂಜೇಶ್ವರದವರು. ನೆರೆಯವನ ನಂಬಿಕೆಯನ್ನು ಆದರದಿಂದ ಅರಿಯುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಮುಂದೆ ನಿಮ್ಮೂರಿನ ಮದುವೆಗೋ ಮಣ್ಣಿಗೋ ಎಡ ಹೆಗಲ ಪಟ್ಟಿಯ ತರುಣನೊಬ್ಬ ಬಂದರೆ, ಅವನು ಅರ್ಧ ಗುರುವೆಂದು ಎಣಿಸಬೇಡಿ. ಅವನ ಪದವಿ ಚಿಕ್ಕದಲ್ಲ. ಕುರ್ಚಿ ಕೊಡುವುದರ ಜೊತೆಗೆ ನಾಲ್ಕು ಮಾತನ್ನು ಸಲಿಗೆಯಿಂದ ಆಡಿರಿ. ಅವನಿಗೆ ಬೇಕಾದದ್ದು ಅದೇ.