ಗಾಳಿ ಹೋಗ್ತಿರೋದು ಎಲ್ಲಿಂದ?

ಟೈರು ಮೊಳೆ ಚುಚ್ಚಿಕೊಂಡು ಪಂಚರ್ ಆದರೆ ಒಂಥರಾ ನೆಮ್ಮದಿ. ಕಣ್ಣಿಗೆ ಕಾಣುತ್ತೆ, ಕಿತ್ತು ಹಾಕ್ತಾರೆ, ದುಡ್ಡು ಕೊಟ್ಟು ಹೊರಡ್ತೀವಿ. ಜೀವ ತಿನ್ನೋದು ನಿಧಾನಕ್ಕೆ ಇಳಿಯೋ ಟೈರು. ಸೋಮವಾರ ಸರಿ ಇರುತ್ತೆ, ಮಂಗಳವಾರವೂ ಸರಿ, ಶನಿವಾರ ನೋಡಿದರೆ ಐದಾರು ಪಿಎಸ್‌ಐ ಮಾಯ. ತುಂಬಿಸಿದರೆ ಮತ್ತೆ ಸರಿ. ಹಾಗಾಗಿ ಅದು ರಿಪೇರಿಯ ಪಟ್ಟಿಗೆ ಸೇರೋದೇ ಇಲ್ಲ, ಪೆಟ್ರೋಲ್ ಬಂಕಿನ ಅಭ್ಯಾಸ ಆಗಿಬಿಡುತ್ತೆ.

ನಮ್ಮಮ್ಮನಿಗೆ ಹಾಗೇ ಅಭ್ಯಾಸ ಆಗಿಹೋಗಿತ್ತು. ಅವರಿರೋದು ಹಾಸನದಲ್ಲಿ. ದಿನಾ ಚನ್ನರಾಯಪಟ್ಟಣದ ಹತ್ತಿರದ ಒಂದು ಶಾಲೆಗೆ ಪಾಠ ಮಾಡೋಕೆ ಹೋಗ್ತಾರೆ, ಒಂದು ಕಡೆಗೇ ಸುಮಾರು 40 ಕಿ.ಮೀ. ಅಪ್ಪ ತೀರಿಕೊಂಡ ಮೇಲೆ, ಐವತ್ತೈದನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವರು. ಕಾರು ಅಪ್ಪನದೇ. ಅದರ ಅಲಾಯ್ ಚಕ್ರಗಳು ಫುಟ್‌ಪಾತಿಗೆ ಉಜ್ಜಿ ಉಜ್ಜಿ ಮುಖ ಕೆರೆದುಕೊಂಡಿದ್ದವು. "ಕಾರಿಗೆ ಒಂಚೂರು ಕಳೆ ಬರಲಿ ಕಣೋ" ಅಂತ ಅಮ್ಮ ಬೆಂಗಳೂರಲ್ಲಿ ನಾಲ್ಕಕ್ಕೂ ಹೊಸ ಬಣ್ಣ ಹಾಕಿಸಿಕೊಂಡು ಹೋದರು. ಚಕ್ರಗಳು ಫಳಫಳ. ಮೂರು ವಾರದಲ್ಲಿ ಶುರುವಾಯ್ತು: "ಮುಂದಿನ ಎಡಗಡೇದು ಸ್ವಲ್ಪ ಕೂತ ಹಾಗಿದೆ."

ಫೋನಲ್ಲಿ ಕೇಳೋಕೆ ಇದು ಸಣ್ಣ ವಿಷಯ. ಆದರೆ ಗಾಳಿ ಕಡಿಮೆ ಇರೋ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತೆ, ಮಡಚಿದಷ್ಟೂ ಬಿಸಿಯಾಗುತ್ತೆ. ಊರೊಳಗೆ ನಡೆದುಹೋಗುತ್ತೆ. ಏಪ್ರಿಲ್ ಬಿಸಿಲಲ್ಲಿ, ಹೆದ್ದಾರಿಯಲ್ಲಿ, ಗಂಟೆಗೆ 90ರ ವೇಗದಲ್ಲಿ ಅದೇ ಟೈರು ಸಿಡಿಯಬಹುದು. ಸ್ಟಿಯರಿಂಗ್ ಹಿಡಿದಿರೋದು ಒಬ್ಬರೇ ಹೋಗೋ ಅಮ್ಮ.

ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಬಣ್ಣ ಹಾಕಿದವರು "ಟೈರ್ ಹಳೇದು ಸಾರ್" ಅಂದರು. ಟೈರಿನವರು "ರಿಮ್ ಪ್ರಾಬ್ಲಮ್ಮು" ಅಂದರು. ಬಂಕಿನಲ್ಲಿ ನೈಟ್ರೋಜನ್ ತುಂಬಿಸಿ ಅಂದರು. (ನಾವು ಉಸಿರಾಡೋ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ ಸ್ವಾಮಿ. ಸೋರೋ ಪಾತ್ರೆಗೆ ಬಿಸ್ಲೇರಿ ನೀರು ಹಾಕಿದರೆ ಸೋರೋದು ನಿಲ್ಲುತ್ತಾ?) ಇನ್ನೊಬ್ಬರು ಒಳಗೆ ಜೆಲ್ ಸುರಿಯೋಣ, ಎಲ್ಲಾ ಮುಚ್ಚಿಕೊಳ್ಳುತ್ತೆ ಅಂದರು. ಮುಚ್ಚಿಕೊಳ್ಳುತ್ತೆ ನಿಜ. ಏನು ಮುಚ್ಚಿಕೊಳ್ತು ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ.

ನಾನು ಆಫೀಸಿನಲ್ಲಿ ದಿನವಿಡೀ ಮಾಡೋ ಕೆಲಸವೇ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕೋದು. ಅಲ್ಲೂ ಹೀಗೇ, ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಅಂತ ಮೂರು ಟೀಮಿನವರೂ ಹೇಳ್ತಾರೆ. ಹತ್ತು ದಿನ ರಜೆ ಹಾಕಿ ಹಾಸನಕ್ಕೆ ಹೋದೆ. ಒಂದು ಡಿಜಿಟಲ್ ಗೇಜ್, ಒಂದು ಸ್ಪ್ರೇ ಬಾಟಲಿ, ಒಂದು ಸೀಮೆಸುಣ್ಣ. ಸೀಮೆಸುಣ್ಣಕ್ಕೆ ಮೇಷ್ಟ್ರ ಮನೇಲಿ ಬರವಿಲ್ಲ ಬಿಡಿ.

ಮೊದಲು ಬರೆದುಕೊಳ್ಳೋ ಕೆಲಸ. ದಿನಾ ಬೆಳಿಗ್ಗೆ ಆರೂವರೆಗೆ, ಕಾರು ಕದಲಿಸುವ ಮುಂಚೆ, ಒಂದೇ ಗೇಜಿನಲ್ಲಿ. ಇದು ಯಾಕೆ ಮುಖ್ಯ ಅಂದ್ರೆ, ಹತ್ತು ಡಿಗ್ರಿ ಬಿಸಿ ಏರಿದರೆ ಸಾಕು, ಒತ್ತಡ ಒಂದೂವರೆ ಎರಡು ಪಿಎಸ್‌ಐ ಏರುತ್ತೆ. ಮಧ್ಯಾಹ್ನ ಬಂಕಿನಲ್ಲಿ ನೋಡಿದ ಅಂಕಿಯನ್ನು ಬೆಳಗಿನ ಅಂಕಿಗೆ ಹೋಲಿಸಿದರೆ ಇಲ್ಲದ ಸೋರಿಕೆ ಕಾಣುತ್ತೆ, ಇರೋದು ಮರೆಯಾಗುತ್ತೆ. ಎಷ್ಟೇ ಒಳ್ಳೆ ಟೈರಾದರೂ ರಬ್ಬರಿನ ಮೂಲಕವೇ ತಿಂಗಳಿಗೆ ಒಂದೆರಡು ಪಿಎಸ್‌ಐ ಹೋಗುತ್ತೆ, ಅದನ್ನೂ ಬಿಟ್ಟು ಲೆಕ್ಕ ಹಾಕಬೇಕು. ನಾಲ್ಕಕ್ಕೂ 33 ತುಂಬಿಸಿದ್ದೆ. ಅಮ್ಮ ಆ ವಾರ ಬಸ್ಸಲ್ಲಿ ಓಡಾಡಿದರು. ಆರನೇ ದಿನ ಎರಡು ಚಕ್ರ 33ರ ಹತ್ತಿರವೇ ಇದ್ದವು. ಮುಂದಿನ ಎಡದ್ದು 27. ಹಿಂದಿನ ಬಲದ್ದು 30.

ಹಿಂದಿನ ಬಲದ್ದರ ಬಗ್ಗೆ ಯಾರೂ ಮಾತೇ ಆಡಿರಲಿಲ್ಲ. ಎಡದ್ದು ಎದ್ದು ಕಾಣೋ ಹಾಗೆ ಕೂರುತ್ತಿತ್ತು, ಅದರ ಮರೆಯಲ್ಲಿ ಇದು ಬಚಾವಾಗಿತ್ತು.

ಇನ್ನು ಸೋಪಿನ ನೀರು. ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಸಾಕು. ಮೊದಲು ವಾಲ್ವಿನ ಬಾಯಿ, ಆಮೇಲೆ ವಾಲ್ವಿನ ಬುಡವನ್ನು ಅತ್ತಿತ್ತ ಬಗ್ಗಿಸಿ, ಆಮೇಲೆ ಟೈರಿನ ಮೈ, ಕೊನೆಗೆ ಟೈರೂ ರಿಮ್ಮೂ ಸೇರುವ ಅಂಚು. ಕಾರಿನಲ್ಲೇ ಇರೋವಾಗ ಒಳಮಗ್ಗುಲ ಅಂಚು ಕಾಣಲ್ಲ, ಚಕ್ರ ಬಿಚ್ಚಲೇಬೇಕು. ಬಿಚ್ಚಿ ನೋಡಿದರೆ ಎಡಚಕ್ರದ ಒಳ ಅಂಚಿನಲ್ಲಿ, ಒಂದು ಗೇಣು ಉದ್ದಕ್ಕೆ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ನೊರೆಯ ಹಾಗೆ ಏಳ್ತಿದ್ದವು.

ಗುಳ್ಳೆ ಸಿಕ್ಕಿತು ಅಂತ ವಾದ ಮುಗಿಯಲ್ಲ. ಆ ಅಂಚಿನಲ್ಲಿ ಟೈರಿನ ತುಟಿಯೂ ಇದೆ, ರಿಮ್ಮಿನ ಕೂರುವ ಜಾಗವೂ ಇದೆ, ತಪ್ಪು ಯಾರದ್ದು? ಊರಿನ ಟೈರ್ ಅಂಗಡಿಯ ಹುಡುಗ ಇದಕ್ಕೊಂದು ಉಪಾಯ ಹೇಳಿದ, ಅದಕ್ಕೇ ಸೀಮೆಸುಣ್ಣ. ಗುಳ್ಳೆ ಬಂದ ಕಡೆ ಟೈರಿನ ಮೇಲೊಂದು ಗೆರೆ, ರಿಮ್ಮಿನ ಮೇಲೊಂದು ಗೆರೆ. ಗಾಳಿ ಬಿಟ್ಟು, ಟೈರನ್ನು ಅದೇ ರಿಮ್ಮಿನಲ್ಲಿ ಅರ್ಧ ಸುತ್ತು ತಿರುಗಿಸಿ, ಮತ್ತೆ ತುಂಬಿಸೋದು. ಗುಳ್ಳೆ ಟೈರಿನ ಗೆರೆ ಜೊತೆ ಹೋದರೆ ಟೈರ್ ಕೆಟ್ಟಿದೆ, ರಿಮ್ಮಿನ ಗೆರೆ ಹತ್ತಿರವೇ ನಿಂತರೆ ರಿಮ್ ಕೆಟ್ಟಿದೆ. ಹತ್ತು ನಿಮಿಷದ ಕೆಲಸ. ಗುಳ್ಳೆ ರಿಮ್ಮಿನ ಗೆರೆ ಬಿಟ್ಟು ಕದಲಲಿಲ್ಲ.

ಟೈರ್ ಪೂರ್ತಿ ಕಳಚಿದಾಗ ಕಾರಣ ಬೆರಳಿಗೇ ಸಿಕ್ತು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ಹಿಡಿದಿಡೋದು ರಬ್ಬರ್ ತುಟಿ ಲೋಹಕ್ಕೆ ಒತ್ತಿ ಕೂರುವ ಆ ಒಂದು ಪಟ್ಟಿ ಅಷ್ಟೇ. ಅಲ್ಲಿ ನುಣುಪಾಗಿರಬೇಕು, ಒಂದೇ ಸಮ ಇರಬೇಕು. ಬಣ್ಣ ಹಾಕೋವಾಗ ಆ ಪಟ್ಟಿಯನ್ನು ಟೇಪಿನಿಂದ ಮರೆಮಾಡಬೇಕು, ಇಲ್ಲಾ ತೀರಾ ತೆಳುವಾಗಿ ಬಿಡಬೇಕು. ಇಲ್ಲಿ ಪ್ರೈಮರು, ಅದರ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟು, ಎಲ್ಲವೂ ಅಲ್ಲಿಗೆ ಹರಿದು ದಪ್ಪನೆಯ ಕಣ್ಣೀರಿನ ಹಾಗೆ ಗಟ್ಟಿಯಾಗಿದ್ದವು. ಅದರ ಕೆಳಗೆ ಇನ್ನೂ ಒಂದು ರಗಳೆ. ಹಳೆಯ ಅಲ್ಯೂಮಿನಿಯಂ ಸವೆತ, ಆ ಬಿಳೀ ಪುಡಿ, ಅದನ್ನು ತೆಗೆಯದೆಯೇ ಮೇಲೆ ಬಣ್ಣ ಬಳಿದಿದ್ದರು. ಟೈರ್ ಹಾಕೋ ಮೆಷೀನು ತಾಗಿ ಒಂದು ಚಕ್ಕೆ ಎದ್ದಿತ್ತು, ಅಲ್ಲಿಂದ ಗಾಳಿಗೆ ಸುರಂಗ. ಹೊರಮುಖ ಕನ್ನಡಿ. ಗಿರಾಕಿ ನೋಡದ ಕಡೆ ಯಾರೂ ಕೈ ಇಟ್ಟಿರಲಿಲ್ಲ.

ಸರಿಮಾಡೋದು ಕಷ್ಟವಲ್ಲ, ತಾಳ್ಮೆ ಬೇಕು. ಹುಡುಗ ಗ್ರೈಂಡರ್ ಮುಟ್ಟಲಿಲ್ಲ, ಅದು ನನಗೆ ಇಷ್ಟವಾಯ್ತು. ಗ್ರೈಂಡರ್ ಲೋಹವನ್ನೇ ತಿಂದುಬಿಡುತ್ತೆ. ಒರಟು ಸ್ಕ್ರಬ್ಬರಿನಲ್ಲಿ ಆ ಪಟ್ಟಿಯನ್ನು ಮಾತ್ರ ಉಜ್ಜಿ ಲೋಹ ಕಾಣಿಸಿದ, ಟೈರಿನ ತುಟಿಗೆ ಅಂಟಿದ್ದ ಬಣ್ಣದ ಚೂರು ಒರೆಸಿದ, ತೆಳುವಾಗಿ ಬೀಡ್ ಸೀಲರ್ ಸವರಿದ. ವಾಲ್ವನ್ನೂ ಬದಲಾಯಿಸಿದ, ಅದು ಹೇಗೂ ಹಳೇದೇ ಇತ್ತು. ಗಾಳಿ ತುಂಬುವಾಗ ತುಟಿ ಎರಡು ಸಲ 'ಟಪ್, ಟಪ್' ಅಂತ ಕೂತಿತು.

ಹಿಂದಿನ ಬಲಚಕ್ರಕ್ಕೂ ಇದೇ ಮದ್ದು ಅಂದುಕೊಂಡು ಸೋಪು ಹಾಕಿದರೆ ಎಲ್ಲೂ ಒಂದು ಗುಳ್ಳೆ ಇಲ್ಲ. ವಾಲ್ವ್ ಸರಿ, ಅಂಚು ಸರಿ, ಮೊಳೆ ಇಲ್ಲ. 40ಕ್ಕೆ ಏರಿಸಿದೆವು. (ಟೈರಿನ ಪಕ್ಕೆಯಲ್ಲಿ ಬರೆದಿರೋ ಗರಿಷ್ಠ ಒತ್ತಡದ ಒಳಗೇ.) ಆಗಲೂ ಇಲ್ಲ. "ಎರಡು ದಿನ ಬಿಟ್ಟು ನೋಡಿ" ಅನ್ನೋದು ಅಲ್ಲಿ ಸಿಗೋ ಮಾಮೂಲಿ ಉತ್ತರ. ಜೆಲ್ಲಿನ ಡಬ್ಬ ಅಲ್ಲೇ ಶೆಲ್ಫಿನ ಮೇಲಿತ್ತು. ನಾನು ತೊಟ್ಟಿಯಲ್ಲಿ ಮುಳುಗಿಸೋಣ ಅಂದೆ. ಮುಳುಗಿಸಿದ ತಕ್ಷಣ ಚಕ್ರದ ಮೈಗೆಲ್ಲಾ ಗಾಳಿಹನಿ ಅಂಟಿರುತ್ತೆ, ಅದನ್ನು ಕೈಯಿಂದ ಸವರಿ ತೆಗೆದು, ಆಮೇಲೆ ನೀರು ಕಲಕದೆ ಕಾಯಬೇಕು. ಕಾದೆವು. ಹುಡುಗ ಟೀ ಕುಡಿದು ಬಂದ. ಸುಮಾರು ಹನ್ನೆರಡನೇ ನಿಮಿಷಕ್ಕೆ ಒಂದು ಗುಳ್ಳೆ. ಎಣಿಸಿದೆ, ಇಪ್ಪತ್ತು ಸೆಕೆಂಡಿಗೆ ಇನ್ನೊಂದು, ಅದೇ ಜಾಗದಿಂದ. ಅಂಚಿನಿಂದಲ್ಲ, ವಾಲ್ವಿನಿಂದಲ್ಲ, ಬ್ರೇಕಿನ ಕಡೆಗಿರೋ ರಿಮ್ಮಿನ ಒಳಮೈ ನಡುವಿನಿಂದ.

ಅಲ್ಲಿ ಬಣ್ಣ ಕೆರೆದಾಗ ಕೂದಲೆಳೆಯಷ್ಟು ಬಿರುಕು. ಉಗುರು ಆಡಿಸಿದರೆ ಮಾತ್ರ ತಿಳಿಯುವಂಥದ್ದು, ಸುಮಾರು ಎರಡು ಇಂಚು. ಒಳಮಗ್ಗುಲಿಗೆ ಕಡ್ಡಿಗಳ ಆಸರೆ ಇರಲ್ಲ, ಗುಂಡಿಗೆ ಬಿದ್ದ ಏಟನ್ನು ಅದೇ ತಿನ್ನುತ್ತೆ. ಯಾವ ಗುಂಡಿಯೋ, ಯಾವ ವರ್ಷದ್ದೋ, ಬಹುಶಃ ಅಪ್ಪ ಓಡಿಸ್ತಿದ್ದಾಗಿನದೇ. ಹೊಸ ಬಣ್ಣ ಅದನ್ನು ಅಂದವಾಗಿ ಮುಚ್ಚಿತ್ತು, ವಾರಕ್ಕೆ ಮೂರು ಪಿಎಸ್‌ಐ ಹೋಗುವಷ್ಟು ಮಾತ್ರ ಬಿಟ್ಟು. ಜೆಲ್ ಸುರಿದಿದ್ದರೆ ಅದೂ ನಿಂತಿರೋದು. ಬಿರುಕು ಮಾತ್ರ ದಿನಾ 80 ಕಿ.ಮೀ. ಬೆಳೀತಾ ಇರೋದು, ಒಳಗೊಳಗೇ.

"ವೆಲ್ಡಿಂಗ್ ಮಾಡಿಸಬಹುದಾ?" ಅಂತ ಅಮ್ಮ ಕೇಳಿದರು. ಅಪ್ಪನ ಕಾರಿನ ಚಕ್ರ, ಎಸೆಯೋಕೆ ಮನಸ್ಸು ಬರಲ್ಲ. ಎರಕದ ಅಲ್ಯೂಮಿನಿಯಂ ಬೆಸೆದ ಕಡೆ ಪಕ್ಕದ ಲೋಹವೂ ಸೋಲುತ್ತೆ, ಹೆದ್ದಾರಿಗೆ ಅದನ್ನು ನಂಬಬೇಡಿ ಅಂದೆ. ಹುಡುಗನೂ ಬೇಡ ಅಂದ, ಅವನಿಗೆ ಅದರಲ್ಲಿ ಲಾಭ ಇದ್ದರೂ. ಬಿರುಕಿನ ಫೋಟೋವನ್ನು ಬೆಂಗಳೂರಿನ ಅಂಗಡಿಗೆ ಕಳಿಸಿದೆ. ಎರಡು ನೀಲಿ ಟಿಕ್ಕು ಬಂತು, ಉತ್ತರ ಬಂದಿಲ್ಲ.

ಹೊಂದುವ ಅಲಾಯ್ ಸಿಗೋವರೆಗೆ ಅಂತ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಹಾಕಿದೆವು. ಅಳತೆ ಅದೇ, ಆದರೆ ಕಪ್ಪು ಉಕ್ಕಿನ ಚಕ್ರ. ಮೂರು ಬೆಳ್ಳಿ, ಒಂದು ಇದ್ದಿಲು. ಅಮ್ಮ ಒಂದು ಸುತ್ತು ಹಾಕಿ ನೋಡಿ, "ಇರಲಿ ಬಿಡು, ದೃಷ್ಟಿಬೊಟ್ಟು ಇಟ್ಟ ಹಾಗಿದೆ" ಅಂದರು. ಈಗ ಬೇರೆ ಅಲಾಯ್ ಹುಡುಕೋದೇ ಬೇಡ ಅಂತಿದ್ದಾರೆ. ಹಾಗಾದ್ರೆ ಡಿಕ್ಕಿಗೆ ಇನ್ನೊಂದು ಸ್ಟೆಪ್ನಿ ಕೊಳ್ಳಬೇಕು, ಆ ಮಾತುಕತೆ ಇನ್ನೂ ನಡೀತಿದೆ. ಗೇಜ್ ಅಲ್ಲೇ ಬಿಟ್ಟು ಬಂದೆ. ದಿನಾ ಆರೂವರೆಗೆ ವಾಟ್ಸಾಪಿನಲ್ಲಿ ನಾಲ್ಕು ಅಂಕಿ ಬರುತ್ತೆ, ಹಾಜರಿ ಪುಸ್ತಕದ ಥರ. ಇವತ್ತಿನದು: 33, 33, 32.5, 33.