ಮೂರು ಡಿಸ್ಕ್ ಸೇರಿಸಿ ಒಂದು ಮಾಡ್ಬೇಕಾ? (ಭಾಗ 3)

ಕಗ್ಗಲಡು ಕೊಕ್ಕರೆ ಫೋಟೋ ಹಾಕಿದಾಗಲೆಲ್ಲ "ಇಷ್ಟೊಂದು ಎಲ್ಲಿ ಇಟ್ಕೊಂಡಿದ್ಯಾ?" ಅಂತ ಕೇಳ್ತೀರಲ್ಲ. ಹಳೇ ಕಂಪ್ಯೂಟರ್‌ಗಳಿಂದ ಬಿಚ್ಚಿದ ಮೂರು ಹಾರ್ಡ್ ಡಿಸ್ಕ್, ಒಂದು ಉಬುಂಟು. ಅಷ್ಟೇ.

ಲಿನಕ್ಸ್‌ನಲ್ಲಿ ಎಲ್‌ವಿಎಂ ಬಳಸಿ ಮೂರನ್ನೂ ಒಂದೇ ದೊಡ್ಡ ಡ್ರೈವ್ ಮಾಡ್ಬಹುದು. ಜಾಗ ನೋಡಿ ಖುಷಿ ಆಗುತ್ತೆ. ಆದ್ರೆ ನಾವು ಓದಿದ 1932ರ ಪಾಲುದಾರಿಕೆ ಕಾಯ್ದೆ ನೆನಪಿಸ್ಕೊಳ್ಳಿ: ಸಂಸ್ಥೆ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಇಲ್ಲೂ ಹಂಗೇ. ಒಂದು ಡಿಸ್ಕ್ ಸತ್ರೆ ಫೈಲ್ ಸಿಸ್ಟಮ್ಮೇ ಮುರಿಯುತ್ತೆ, ಉಳಿದೆರಡರಲ್ಲಿ ಇರೋದನ್ನ ಹೆಕ್ಕಿ ತೆಗೆಯೋದೂ ದೊಡ್ಡ ಪಾಡು. ರೇಡ್ 0 ಆದ್ರೆ ಇನ್ನೂ ಕಷ್ಟ, ದೊಡ್ಡ ಫೈಲ್‌ಗಳೆಲ್ಲ ಚೂರುಚೂರಾಗಿ ಮೂರಕ್ಕೂ ಹಂಚಿರುತ್ತೆ. ವರ್ಷದಲ್ಲಿ ಒಂದು ಡಿಸ್ಕ್ ಕೆಡೋ ಸಾಧ್ಯತೆ 5% ಅಂತ ಇಟ್ಕೊಂಡ್ರೆ, ಮೂರರಲ್ಲಿ ಒಂದಾದ್ರೂ ಕೆಡೋದು 14% ಹತ್ತಿರ. (ಸ್ಟಾಟಿಸ್ಟಿಕ್ಸ್ ಕೊನೆಗೂ ಉಪಯೋಗಕ್ಕೆ ಬಂತು!)

ನಾನು ಹಾಕಿರೋದು ಮರ್ಜರ್‌ಎಫ್‌ಎಸ್. ನೋಡೋಕೆ ಒಂದೇ ಫೋಲ್ಡರ್, ಆದ್ರೆ ಪ್ರತಿ ಫೈಲೂ ಯಾವುದೋ ಒಂದೇ ಡಿಸ್ಕಲ್ಲಿ ಪೂರ್ತಿಯಾಗಿ ಕೂತಿರುತ್ತೆ. ಒಂದು ಹೋದ್ರೆ ಅದರಲ್ಲಿದ್ದದ್ದು ಮಾತ್ರ ಹೋಗುತ್ತೆ.

ಆ "ಮಾತ್ರ"ದಲ್ಲಿ ಏನಿರುತ್ತೆ ಅನ್ನೋದೇ ಭಯ. ಮಾವ ಕೊಟ್ಟ 500 ಜಿಬಿ ಡಿಸ್ಕಲ್ಲಿ ಅಜ್ಜಿ ಸೋಬಾನೆ ಹಾಡಿರೋ ವಿಡಿಯೋ ಇತ್ತು. ಅಜ್ಜಿ ಈಗಿಲ್ಲ. ಹಾಕಿದ ತಕ್ಷಣ ಡಿಸ್ಕ್ ಟಕ್ ಟಕ್ ಅಂತು. ಆಫ್ ಮಾಡಿ, ಖಾಲಿ ಡಿಸ್ಕ್ ತಂದು, ಡಿಡಿರೆಸ್ಕ್ಯೂ ಓಡಿಸ್ದೆ. ಅದು ಸಲೀಸಾಗಿ ಓದೋ ಭಾಗನ ಮೊದಲು ಎತ್ಕೊಳ್ಳುತ್ತೆ, ಹಠ ಮಾಡೋ ಭಾಗಕ್ಕೆ ಆಮೇಲೆ ಬರುತ್ತೆ. ರಿಪೇರಿ ಏನಿದ್ರೂ ಆ ಕಾಪಿ ಮೇಲೆ, ಮೂಲ ಡಿಸ್ಕ್ ಮುಟ್ಟಬಾರದು.

ನಡುವೆ ಎರಡು ಕಡೆ ಚಿತ್ರ ಒಡೆದಿದೆ. ಹಾಡು ಪೂರ್ತಿ ಬಂತು. ಈಗ ಅದು ಮಧುಗಿರಿಯ ಚಿಕ್ಕಮ್ಮನ ಮನೆ ಪೆನ್‌ಡ್ರೈವಲ್ಲೂ ಇದೆ.