ರನ್‌ವೇ ಮುಗಿದ ಮೇಲೆ ಮುನ್ನೂರು ಮೀಟರ್

ಮಗಳ ಮನೆ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ನಾನು ಹೋದ ಎರಡನೇ ವಾರವೇ ಮೊಮ್ಮಗ, "ಅಜ್ಜ, ಈ ಶನಿವಾರ ನಿಮಗೊಂದು ಹಳೇ ವಿಮಾನ ನಿಲ್ದಾಣ ತೋರಿಸ್ತೇನೆ. ಕಾರು ನಾನೇ ಓಡಿಸೋದು" ಎಂದ. ಅವನಿಗೆ ಹದಿನೈದು ವರ್ಷ. ಆ ರಾಜ್ಯದಲ್ಲಿ ಆ ವಯಸ್ಸಿನವರು ಪಕ್ಕದಲ್ಲಿ ಹಿರಿಯರನ್ನು ಕೂರಿಸಿಕೊಂಡು ಕಾರು ಕಲಿಯಬಹುದು. ಮಗಳು ಅವನ ಪಕ್ಕ ಕೂತಳು, ನಾನು ಹಿಂದೆ. ದಾರಿಯುದ್ದಕ್ಕೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. "ಅಮ್ಮ, ಸುಮ್ಮನಿರು" ಎಂದು ಅವನು ಎರಡು ಸಲ ಗೊಣಗಿದ.

ಇಪ್ಸಿಲಾಂಟಿ ಎಂಬ ಊರು ದಾಟಿದರೆ ವಿಲೋ ರನ್. ಹೆಸರಿನಲ್ಲಿರುವ 'ರನ್' ಎಂದರೆ ಇಲ್ಲಿ ಓಟವಲ್ಲ, ಸಣ್ಣ ತೊರೆ. ತೊರೆಯ ಸುತ್ತ ಮೊದಲು ಇದ್ದದ್ದು ಹೆನ್ರಿ ಫೋರ್ಡ್ ಅವರ ಹೊಲ. ಎರಡನೇ ಮಹಾಯುದ್ಧ ಬಂದಾಗ, 1941ರಲ್ಲಿ, ಅಲ್ಲೊಂದು ಭಾರೀ ಕಾರ್ಖಾನೆ ಎದ್ದಿತು. ಕಾರು ಮಾಡುವ ರೀತಿಯಲ್ಲೇ ಸಾಲು ಹಿಡಿದು ಬಿ-24 ಬಾಂಬರ್ ವಿಮಾನಗಳನ್ನು ಕಟ್ಟಿದರು. ಕೆಲಸ ಭರದಲ್ಲಿದ್ದಾಗ ಗಂಟೆಗೊಂದು ವಿಮಾನ ಹೊರಗೆ ಬರುತ್ತಿತ್ತಂತೆ. ಯುದ್ಧ ಮುಗಿಯುವ ಹೊತ್ತಿಗೆ ಒಟ್ಟು 8,685. ಮನೆಗೆಲಸ ಬಿಟ್ಟು ಬಂದ ಸಾವಿರಾರು ಹೆಂಗಸರು ಇಲ್ಲಿ ರಿವೆಟ್ ಹೊಡೆದರು. ಆ ಕಾರ್ಖಾನೆಯ ಒಂದು ತುಂಡನ್ನು ವಿಮಾನ ಪ್ರಿಯರು ಹಣ ಕೂಡಿಸಿ ಉಳಿಸಿಕೊಂಡಿದ್ದಾರೆ.

ಮೊಮ್ಮಗನಿಗೆ ಮಾತ್ರ ಅದ್ಯಾವುದೂ ಬೇಕಿರಲಿಲ್ಲ. ಅವನು ಬ್ಯಾಸ್ಕೆಟ್‌ಬಾಲ್ ಹುಚ್ಚ. ಬೇಲಿಯಾಚೆ ಚಾಚಿಕೊಂಡಿದ್ದ ರನ್‌ವೇ ಕಡೆ ಕೈ ತೋರಿಸಿ, "ನಮ್ಮ ಟೀಮ್ ಬದುಕಿಕೊಂಡದ್ದು ಅಲ್ಲೇ ಅಜ್ಜ" ಎಂದ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

2017ರ ಮಾರ್ಚ್ 8. ಮಿಷಿಗನ್ ವಿಶ್ವವಿದ್ಯಾಲಯದ ತಂಡ ಪಂದ್ಯಾವಳಿಗೆಂದು ವಾಷಿಂಗ್ಟನ್‌ಗೆ ಹೊರಟಿತ್ತು. ಆಟಗಾರರು, ಕೋಚ್, ವಾದ್ಯದವರು, ಮನೆಮಂದಿ, ಸಿಬ್ಬಂದಿ ಎಲ್ಲ ಸೇರಿ ವಿಮಾನದಲ್ಲಿ 116 ಜನ. ಅಂದು ಬಿರುಗಾಳಿ. ಕರೆಂಟು ಹೋಗಿತ್ತು. ನಿಲ್ದಾಣದ ಕಂಟ್ರೋಲ್ ಟವರ್‌ನಲ್ಲಿದ್ದವರನ್ನೇ ಕೆಳಗಿಳಿಸಿದ್ದರು.

ವಿಮಾನ ಎಂಡಿ-83 ಎಂಬ ಜಾತಿಯದು. ಅದರ ಬಾಲದ ತುದಿಯಲ್ಲಿ, ನೆಲದಿಂದ ಬಹಳ ಎತ್ತರದಲ್ಲಿ, ಎಲಿವೇಟರ್ ಎಂಬ ಅಗಲ ಪಟ್ಟಿಗಳಿರುತ್ತವೆ. ವಿಮಾನದ ಮೂಗು ಮೇಲೇಳುವುದು ಅವುಗಳಿಂದ. ಈ ಜಾತಿಯ ವಿಮಾನದಲ್ಲಿ ಪೈಲಟ್ ಹಿಡಿಯುವ ಕಂಬಕ್ಕೂ ಆ ದೊಡ್ಡ ಪಟ್ಟಿಗೂ ನೇರ ಸಂಬಂಧವಿಲ್ಲ. ಕಂಬ ಎಳೆದರೆ ಅಲ್ಲಾಡುವುದು ಪಟ್ಟಿಯ ಅಂಚಿನ ಒಂದು ಚಿಕ್ಕ ರೆಕ್ಕೆ. ಓಡುವಾಗ ಬೀಸುವ ಗಾಳಿ ಆ ಚಿಕ್ಕ ರೆಕ್ಕೆಗೆ ಬಡಿದು ದೊಡ್ಡ ಪಟ್ಟಿಯನ್ನು ತಿರುಗಿಸುತ್ತದೆ.

ವಿಮಾನ ಎರಡು ದಿನದಿಂದ ದೊಡ್ಡದೊಂದು ಹ್ಯಾಂಗರ್ ಬಳಿ ನಿಂತಿತ್ತು. ಕಟ್ಟಡಕ್ಕೆ ಬಡಿದ ಗಾಳಿ ಸುಳಿಸುಳಿಯಾಗಿ ಬಾಲಕ್ಕೆ ಹೊಡೆದು, ಬಲಗಡೆಯ ಪಟ್ಟಿಯನ್ನು ಕೆಳಮುಖವಾಗಿ ಸಿಕ್ಕಿಹಾಕಿಸಿಬಿಟ್ಟಿತು. ಕೆಳಗೆ ನಿಂತವರಿಗೆ ಅದು ಗೊತ್ತಾಗುವಂತಿರಲಿಲ್ಲ. ಹೊರಡುವ ಮೊದಲು ಪೈಲಟ್‌ಗಳು ಕಂಬ ಎಳೆದು ಪರೀಕ್ಷಿಸಿದಾಗಲೂ ಚಿಕ್ಕ ರೆಕ್ಕೆ ಸಲೀಸಾಗಿ ಆಡಿತು. ಎಲ್ಲ ಸರಿಯಿದೆ ಎಂದೇ ಅವರು ಹೊರಟರು.

ಮಕ್ಕಳೇ, ಇಲ್ಲಿ ಒಂದು ನಿಯಮ ತಿಳಿದುಕೊಳ್ಳಬೇಕು. ಪ್ರತಿ ಸಲ ಹೊರಡುವ ಮುನ್ನ ಪೈಲಟ್‌ಗಳು ಒಂದು ವೇಗವನ್ನು ಲೆಕ್ಕ ಹಾಕಿಟ್ಟುಕೊಳ್ಳುತ್ತಾರೆ. ಅದರ ಹೆಸರು ವಿ-ಒನ್. ಆ ವೇಗ ಮುಟ್ಟುವ ಮೊದಲು ಏನಾದರೂ ಕೆಟ್ಟರೆ ಬ್ರೇಕ್ ಹಾಕಬಹುದು, ರನ್‌ವೇ ಸಾಲುತ್ತದೆ. ದಾಟಿದ ಮೇಲೆ ಒಂದು ಎಂಜಿನ್ ನಿಂತರೂ ನಿಲ್ಲಿಸಬಾರದು. ಮೇಲೇರಿ, ಸುತ್ತು ಹಾಕಿ ಬಂದು ಇಳಿಯಬೇಕು. ಪೈಲಟ್‌ಗಳಿಗೆ ಇದನ್ನು ಮೈಗೆ ಹತ್ತುವಷ್ಟು ಸಲ ಕಲಿಸುತ್ತಾರೆ.

ಅಂದು ಎಡಗಡೆ ಕೂತು ವಿಮಾನ ಓಡಿಸುತ್ತಿದ್ದ ಕ್ಯಾಪ್ಟನ್‌ಗೆ ಅನುಭವವೇನೋ ಬಹಳ ಇತ್ತು. ಆದರೆ ಈ ಜಾತಿಯ ವಿಮಾನ ಹೊಸದು. ಬಲಗಡೆ ಕೂತಿದ್ದವರು ಅವರಿಗೆ ಇದನ್ನು ಕಲಿಸುತ್ತಿದ್ದ ಗುರು. ವಿ-ಒನ್ ದಾಟಿತು. ಮೂಗು ಎತ್ತಬೇಕಾದ ವೇಗ ಬಂತು, ಗುರು ಕೂಗಿ ಹೇಳಿದರು. ಕ್ಯಾಪ್ಟನ್ ಕಂಬ ಎಳೆದರು. ಮೂಗು ಏಳಲಿಲ್ಲ. ಇನ್ನೂ ಬಲವಾಗಿ ಎಳೆದರು. ಆಗಲೂ ಏಳಲಿಲ್ಲ. ಆ ಹೊತ್ತಿಗೆ ವೇಗ ಗಂಟೆಗೆ 300 ಕಿಲೋಮೀಟರ್ ಸುತ್ತಮುತ್ತ.

ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ತೀರ್ಮಾನಿಸಿದರು: ಈ ವಿಮಾನ ಹಾರುವುದಿಲ್ಲ. ಹಾರದ ವಿಮಾನಕ್ಕೆ 'ಹಾರಲೇಬೇಕು' ಎಂಬ ನಿಯಮ ಹೇಗೆ ಅನ್ವಯಿಸೀತು? ನಿಲ್ಲಿಸುತ್ತೇನೆಂದು ಕೂಗಿ, ಎಂಜಿನ್ ತಗ್ಗಿಸಿ, ಬ್ರೇಕ್ ಒತ್ತಿದರು.

ಪಕ್ಕದಲ್ಲಿದ್ದ ಗುರುವಿಗೆ ಎದೆ ಧಸಕ್ಕೆಂದಿರಬೇಕು. ಕಂಬ ಕ್ಯಾಪ್ಟನ್ ಕೈಯಲ್ಲಿತ್ತು, ಅದು ಮಾತು ಕೇಳುತ್ತಿಲ್ಲವೆಂದು ಇವರಿಗೆ ಗೊತ್ತಾಗುವುದು ಹೇಗೆ? ಇಷ್ಟು ವೇಗದಲ್ಲಿ ನಿಲ್ಲಿಸಬಾರದೆಂದು ಅವರು ಬಾಯಿಬಿಟ್ಟು ಆಕ್ಷೇಪಿಸಿದರು. ಆದರೆ ಕಂಬವನ್ನು ಕಿತ್ತುಕೊಳ್ಳಲಿಲ್ಲ. ನಿಲ್ಲಿಸಬೇಕೆಂದು ಕ್ಯಾಪ್ಟನ್ ನಿರ್ಧರಿಸಿದ ಮೇಲೆ ನಿಲ್ಲಿಸುವ ಕೆಲಸಕ್ಕೇ ಅವರೂ ಜೊತೆಯಾದರು. ಒಬ್ಬರು ನಿಲ್ಲಿಸುವುದು, ಇನ್ನೊಬ್ಬರು ಹಾರಿಸುವುದು ಎಂದಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ವಿಮಾನ ರನ್‌ವೇ ದಾಟಿ ಹುಲ್ಲಿಗೆ ನುಗ್ಗಿತು. ಬೇಲಿ ಮುರಿಯಿತು, ಚಕ್ರದ ಕಾಲುಗಳು ಕಿತ್ತುಹೋದವು. ಕೊನೆಗೆ ಹೊರಗಿನ ರಸ್ತೆಯ ಬಳಿ ಹೊಟ್ಟೆ ನೆಲಕ್ಕೆ ಕೊಟ್ಟು ನಿಂತಿತು. ಜನ ಜಾರುಬಂಡಿಗಳಿಂದ ಇಳಿದು ಓಡಿದರು. 116 ಜನರಲ್ಲಿ ಸಣ್ಣ ಗಾಯವಾದದ್ದು ಒಬ್ಬರಿಗೆ ಮಾತ್ರ.

ತನಿಖೆ ಮಾಡಿದವರು ಆ ಜೀವಗಳು ಉಳಿಯಲು ಮೂರು ಕಾರಣ ಕೊಟ್ಟರು. ಕ್ಯಾಪ್ಟನ್ ತಕ್ಕ ಹೊತ್ತಿಗೆ ತೆಗೆದುಕೊಂಡ ನಿರ್ಧಾರ ಒಂದು. ಗುರು ತೋರಿದ ಸಂಯಮ ಇನ್ನೊಂದು. ಮೂರನೆಯದು, ರನ್‌ವೇ ಮುಗಿದ ಮೇಲೆ ಬಿಟ್ಟಿದ್ದ ಖಾಲಿ ನೆಲ, ಸುಮಾರು 300 ಮೀಟರ್ ಉದ್ದದ್ದು. ಎಂದೋ ಯಾರೋ ನಿಯಮ ಓದಿ, ಹಣ ಖರ್ಚು ಮಾಡಿ ಅದನ್ನು ಸಮತಟ್ಟು ಮಾಡಿಸಿದ್ದರು. ಆ ಹುಲ್ಲನ್ನು ನೋಡುತ್ತ ನನಗೆ ಗುಡ್ಡದ ತಲೆಯ ಮೇಲಿರುವ ನಮ್ಮ ಬಜ್ಪೆ ನೆನಪಾಯಿತು. 2010ರ ಮೇ 22ರಂದು ಇಳಿಯುತ್ತಿದ್ದ ವಿಮಾನವೊಂದು ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದದ್ದು ನಮ್ಮ ಕಡೆಯವರು ಮರೆಯುವ ದಿನವೇ? ಕೊನೆಯಲ್ಲಿ ಬಿಟ್ಟ ಖಾಲಿ ನೆಲದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

"ಆಮೇಲೆ ನಿಮ್ಮ ಟೀಮ್ ಮನೆಗೆ ಹೋಯಿತಾ?" ಎಂದೆ.

ಮೊಮ್ಮಗನ ಮುಖ ಅರಳಿತು. "ಇಲ್ಲ ಅಜ್ಜ! ಮರುದಿನ ಬೆಳಿಗ್ಗೆ ಬೇರೆ ವಿಮಾನದಲ್ಲಿ ಹೋದರು. ಆಡುವ ಬಟ್ಟೆಯೆಲ್ಲ ಮುರಿದ ವಿಮಾನದೊಳಗೇ ಉಳಿದಿತ್ತು. ಅಭ್ಯಾಸದ ಜೆರ್ಸಿ ಹಾಕಿಕೊಂಡೇ ಅವತ್ತಿನ ಮ್ಯಾಚ್ ಗೆದ್ದರು. ನಾಲ್ಕು ದಿನದಲ್ಲಿ ನಾಲ್ಕು ಮ್ಯಾಚ್. ಕಪ್ಪೂ ಅವರದ್ದೇ!"

ಸಂಜೆ ಹಿಂದಿರುಗುವಾಗಲೂ ಅವನೇ ಓಡಿಸಿದ. ಒಂದು ಕಡೆ ಎದುರಿನ ಕಾರು ಏಕಾಏಕಿ ತಿರುಗಿತು. ನನ್ನ ಕೈ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿಯಿತು. ಹುಡುಗ ಮೆಲ್ಲಗೆ ಬ್ರೇಕ್ ಒತ್ತಿ, ದಾರಿ ಬಿಟ್ಟು, ಮುಂದೆ ಸಾಗಿದ.

ಮಗಳ ಕಡೆ ನೋಡಿದೆ. ಅವಳ ಎರಡೂ ಕೈ ಮಡಿಲಲ್ಲಿದ್ದವು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು.